ಬಿಸಿನೀರಿನ ಅಪಸ್ಮಾರ ಮತ್ತು ಅಯಾನು ಕಾಲುವೆಗಳು

ನರಕೋಶದ ಪೊರೆಯಲ್ಲಿ ಪ್ರೋಟೀನಿನಿಂದ ರಚಿತವಾದ ಅತಿಸೂಕ್ಷ್ಮ ದ್ವಾರಗಳಿವೆ. ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ, ಕ್ಲೋರೈಡ್ ಅಯಾನುಗಳು ಇವುಗಳ ಮೂಲಕ ಹರಿಯುವುದರಿಂದಲೇ ನರಸಂಕೇತವು ಉಂಟಾಗುತ್ತದೆ. ಇವನ್ನು ಅಯಾನು ಕಾಲುವೆಗಳೆನ್ನುತ್ತೇವೆ. ಇವು ತೆರೆದು ಮುಚ್ಚುವ ಕ್ರಮವು ತಪ್ಪಿದರೆ ನರಕೋಶಗಳ ಸಮೂಹವು ಏಕಕಾಲಕ್ಕೆ ಉದ್ರೇಕಗೊಂಡು ಅಪಸ್ಮಾರಕ್ಕೆ, ಎಂದರೆ ಮೂರ್ಛೆರೋಗಕ್ಕೆ, ಕಾರಣವಾಗಬಹುದು. ಈ ಕ್ಷೇತ್ರದಲ್ಲಿ ವಿಚಾರಾರ್ಹವಾದ ಕರ್ನಾಟಕದ ನಿದರ್ಶನವೊಂದನ್ನು ನಾವಿಲ್ಲಿ ಪರಿಚಯಿಸುತ್ತಿದ್ದೇವೆ.

ತಲೆಗೆ ಬಿಸಿನೀರು ಹೊಯ್ದುಕೊಳ್ಳುವಾಗ ಮೂರ್ಛೆ ಬರುವ ಈ ರೋಗವು 1945ರಲ್ಲಿ ನ್ಯೂಜಿಲೆಂಡಿನಿಂದ ವರದಿಯಾಯಿತು. ಆದರೆ ಅದರ ವ್ಯಾಪಕ ಅಧ್ಯಯನ ನಡೆದುದು ಕರ್ನಾಟಕದಲ್ಲಿ. ಬೆಂಗಳೂರಿನ ಡಾ. ಕೆ. ಎಸ್. ಮಣಿ ಮತ್ತು ಸಂಗಡಿಗರು 1968ರಲ್ಲಿ ಇದರ ಬಗೆಗೆ ಬರೆದರು, ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು 1988ರಲ್ಲಿ 279 ರೋಗಿಗಳ ವಿವರಗಳನ್ನು ಪ್ರಕಟಿಸಿದರು. ಹಂಡೆಯ ಬಿಸಿನೀರನ್ನು ಚೊಂಬಿನಿಂದ ನೆತ್ತಿಯ ಮೇಲೆ ಸುರಿದುಕೊಳ್ಳುವ ಪದ್ಧತಿಯೇ ಇಲ್ಲಿ ಪ್ರಚೋದಕ. ಕನ್ನಡದಲ್ಲಿ ‘ತಲೆಗೆ ಸ್ನಾನ’, ‘ಮೈಗೆ ಸ್ನಾನ’ ಎಂಬ ಭೇದವುಂಟು. ದೆಹಲಿಯ ಮುಖರ್ಜಿ ನಗರದಂತಹ ಹೊರನಾಡಿನ ಬಡಾವಣೆಗಳಲ್ಲಿ ಕನ್ನಡ ಕುಟುಂಬಗಳನ್ನು ವಿಚಾರಿಸುವವರು ಈ ಭೇದವನ್ನು ಅರಿತೇ ಪ್ರಶ್ನಿಸಬೇಕು. ಸ್ನಾನವೆಂಬ ಒಂದೇ ಮಾತಿನಿಂದ ರೋಗದ ಸುಳಿವು ಸಿಗಲಾರದು.

ಒಂದೇ ಮನೆತನದಲ್ಲಿ ಹಲವರಿಗೆ ಈ ರೋಗ ಕಾಣಿಸುವುದರಿಂದ ಆನುವಂಶಿಕ ಕಾರಣದ ಶೋಧ ಆರಂಭವಾಯಿತು. ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಡಾ. ಅನುರಂಜನ್ ಆನಂದ್ ಅವರ ತಂಡವು ನಿಮ್ಹಾನ್ಸ್‌ನ ಸಹಯೋಗದಲ್ಲಿ 2009ರಲ್ಲಿ 10ನೆಯ ಮತ್ತು 4ನೆಯ ವರ್ಣತಂತುಗಳ ಭಾಗಗಳನ್ನು ಗುರುತಿಸಿತು; 2017ರಲ್ಲಿ ಎಸ್‌ಎಲ್‌ಸಿ1ಎ1 ಎಂಬ ಜೀನಿನ ವಿರಳ ವ್ಯತ್ಯಾಸಗಳನ್ನು ವರದಿ ಮಾಡಿತು. ಈ ಜೀನಿನ ಪ್ರೋಟೀನು ಕಟ್ಟುನಿಟ್ಟಾದ ಅರ್ಥದಲ್ಲಿ ಕಾಲುವೆಯಲ್ಲ. ಗ್ಲುಟಮೇಟನ್ನು ಸೋಡಿಯಂ ಅಯಾನುಗಳ ಜೊತೆಗೆ ಕೋಶದೊಳಕ್ಕೆ ಒಯ್ಯುವ ವಾಹಕ. ಆದರೆ ಕ್ಲೋರೈಡ್ ಹರಿಯಲು ಅದು ದಾರಿಯನ್ನೂ ಒದಗಿಸುತ್ತದೆ. ವಾಹಕ ಮತ್ತು ಕಾಲುವೆಗಳ ನಡುವಿನ ಗೆರೆ ಇಲ್ಲಿ ತೆಳುವಾಗಿದೆ.

ಈ ವಿವೇಚನೆ ಕೇವಲ ಪಾರಿಭಾಷಿಕವಲ್ಲ. ಡ್ರಾವೆ ಲಕ್ಷಣಕೂಟದಲ್ಲಿಯೂ ಜ್ವರ ಅಥವಾ ಬಿಸಿನೀರಿನ ಸ್ನಾನದಿಂದ ಮಗುವಿಗೆ ಮೂರ್ಛೆ ಬರಬಹುದು. ಅದರಲ್ಲಿ ಸೋಡಿಯಂ ಕಾಲುವೆಯ ಎಸ್‌ಸಿಎನ್1ಎ ಜೀನಿನ ದೋಷವಿರುವುದು 2001ರಲ್ಲಿ ತಿಳಿದುಬಂದಿತು. ಕಾರ್ಬಮಜೆಪಿನ್‌ನಂತಹ ಸೋಡಿಯಂ ಕಾಲುವೆಯನ್ನು ತಡೆಯುವ ಔಷಧಿಗಳು ಅಂತಹ ಮಕ್ಕಳ ಸ್ಥಿತಿಯನ್ನು ಉಲ್ಬಣಗೊಳಿಸಬಹುದು. ಬಿಸಿನೀರಿನ ಅಪಸ್ಮಾರದಲ್ಲಾದರೋ ನೀರಿನ ಬಿಸಿಯನ್ನು ತಗ್ಗಿಸುವುದೇ ಮೊದಲ ಉಪಾಯ. ಅಗತ್ಯವಿದ್ದರೆ ವೈದ್ಯರು ಸ್ನಾನಕ್ಕೆ ಮುನ್ನ ಕ್ಲೋಬಜಾಮ್ ಕೊಡುವುದುಂಟು. ಹೊರನೋಟಕ್ಕೆ ಒಂದೇ ಎನಿಸುವ ಮೂರ್ಛೆಗಳ ಹಿಂದೆ ಯಾವ ದ್ವಾರ ಕೆಟ್ಟಿದೆಯೆಂಬುದು ಚಿಕಿತ್ಸೆಯನ್ನೇ ಬದಲಿಸಬಲ್ಲದು. ಆದುದರಿಂದ ಬಚ್ಚಲುಮನೆಯ ವಿವರ ಮತ್ತು ಪ್ರಯೋಗಶಾಲೆಯ ಫಲಿತಾಂಶ ಇವೆರಡನ್ನೂ ಕೂಡಿಸಿ ನೋಡುವುದು ಅವಶ್ಯವೆಂದು ನಾವು ಭಾವಿಸುತ್ತೇವೆ.