ಕಾರ್ಡು ಆಸ್ಪತ್ರೆಗೆ, ಮನೆಯ ಆರೈಕೆಗೆ ಏನು ದಾರಿ?



ಸಂಘಗಳ ಸಭೆಗೆ ಹೋದಾಗ ನಮಗೆ ಮತ್ತೆ ಮತ್ತೆ ಎದುರಾಗುವ ಪ್ರಶ್ನೆ ಒಂದಿದೆ. "ಸಿಸ್ಟರ್, ಅತ್ತೆಗೆ ಲಕ್ವ ಹೊಡೆದಿದೆ. ಆಸ್ಪತ್ರೆಯಿಂದ ಮನೆಗೆ ಕಳಿಸಿದ್ದಾರೆ. ಇನ್ನು ಮುಂದಿನ ನರ್ಸು, ಮಾತ್ರೆ, ಡೈಪರ್ ಖರ್ಚು ಕಾರ್ಡಿನಲ್ಲಿ ಬರುತ್ತಾ?" ಬರುತ್ತದೆ ಎಂದು ನಂಬಿ ಕೆಲವರು ಸಂಘದಲ್ಲಿ ಸಾಲ ತೆಗೆದು ಖರ್ಚು ಮಾಡುತ್ತಾರೆ. ಕೊನೆಗೆ ಕೈಯಲ್ಲಿ ಉಳಿಯುವುದು ಬಿಲ್ಲು ಮತ್ತು ಸಾಲದ ಕಂತು. ಹಾಗಾಗಬಾರದು ಅಂದರೆ ಕಾರ್ಡಿನ ಲೆಕ್ಕ ಮೊದಲೇ ತಿಳಿದಿರಬೇಕು.

ಕಾರ್ಡಿನಿಂದ ಏನು ಸಿಗುತ್ತದೆ?

2018ರಲ್ಲಿ ರಾಜ್ಯದ ಆರೋಗ್ಯ ಕರ್ನಾಟಕ ಮತ್ತು ಕೇಂದ್ರದ ಆಯುಷ್ಮಾನ್ ಭಾರತ್ ಯೋಜನೆಗಳು ಸೇರಿ ಒಂದಾದವು. ಇದರಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಉಚಿತ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇಕಡಾ 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ ಸಹಾಯವಿದೆ. ತುರ್ತು ಸಂದರ್ಭ ಬಿಟ್ಟರೆ ಮೊದಲು ಸರ್ಕಾರಿ ಆಸ್ಪತ್ರೆಗೇ ಹೋಗಬೇಕು. ಅಲ್ಲಿ ಆಗದ ಚಿಕಿತ್ಸೆಗೆ ರೆಫರಲ್ ಚೀಟಿ ಕೊಡುತ್ತಾರೆ.

70 ವರ್ಷ ದಾಟಿದವರಿಗೆ, ಆದಾಯ ಎಷ್ಟೇ ಇರಲಿ, 5 ಲಕ್ಷದ ರಕ್ಷಣೆ ನೀಡುವ ಯೋಜನೆಯನ್ನು ಕೇಂದ್ರ ಸರ್ಕಾರ 2024ರ ಅಕ್ಟೋಬರ್ 29ರಂದು ಆರಂಭಿಸಿತು. ಇದೂ ಆಸ್ಪತ್ರೆಗೆ ದಾಖಲಾದವರ ಚಿಕಿತ್ಸೆಗೇ.

ಏನು ಸಿಗುವುದಿಲ್ಲ?

ಒಂದೊಂದು ಚಿಕಿತ್ಸೆಗೆ ಒಂದೊಂದು ಪ್ಯಾಕೇಜ್ ದರ ಗೊತ್ತುಮಾಡಿದ್ದಾರೆ. ಆ ಹಣ ನೇರವಾಗಿ ಆಸ್ಪತ್ರೆಗೆ ಹೋಗುತ್ತದೆ, ನಮ್ಮ ಕೈಗೆ ಬರುವುದಿಲ್ಲ. ಹೀಗಾಗಿ ಮನೆಗೆ ಬರುವ ನರ್ಸಿನ ಸಂಬಳ, ಡೈಪರ್, ನೀರಿನ ಹಾಸಿಗೆ, ತಿಂಗಳು ತಿಂಗಳು ಅಂಗಡಿಯಲ್ಲಿ ಕೊಳ್ಳುವ ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆ, ಇವು ಯಾವುವೂ ಕಾರ್ಡಿನಲ್ಲಿ ಬರುವುದಿಲ್ಲ.

ಆದರೆ ಒಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಆಯುಷ್ಮಾನ್ ಭಾರತ್ ನಿಯಮದಂತೆ ಆಸ್ಪತ್ರೆಗೆ ಸೇರುವ ಮುಂಚಿನ 3 ದಿನ ಮತ್ತು ಬಿಡುಗಡೆಯಾದ ಮೇಲಿನ 15 ದಿನಗಳ ಪರೀಕ್ಷೆ, ಔಷಧಿ ಪ್ಯಾಕೇಜಿನಲ್ಲೇ ಸೇರಿವೆ. ಆದ್ದರಿಂದ ಡಿಸ್ಚಾರ್ಜ್ ದಿನ ಅವಸರ ಮಾಡಬೇಡಿ. ಆಸ್ಪತ್ರೆಯಲ್ಲಿರುವ ಆರೋಗ್ಯ ಮಿತ್ರರನ್ನು ಕಂಡು ಇಷ್ಟು ಕೇಳಿ:

1. 15 ದಿನದ ಔಷಧಿ ಕೊಟ್ಟಿದ್ದೀರಾ?
2. ಮತ್ತೆ ತೋರಿಸಲು ಯಾವಾಗ ಬರಬೇಕು?
3. ಹುಣ್ಣಿನ ಪಟ್ಟಿ, ಮೂತ್ರದ ಪೈಪು, ಮೂಗಿನ ಪೈಪು ನೋಡಿಕೊಳ್ಳುವುದು ಹೇಗೆ? ನರ್ಸ್ ಎದುರಿಗೇ ಒಮ್ಮೆ ನಿಮ್ಮ ಕೈಯಾರೆ ಮಾಡಿ ಕಲಿಯಿರಿ.
4. ಡಿಸ್ಚಾರ್ಜ್ ಚೀಟಿಯಲ್ಲಿ ಎಲ್ಲವನ್ನೂ ಬರೆದಿದ್ದೀರಾ?

ಮನೆ ಬಾಗಿಲಿಗೆ ಬರುವ ಸೇವೆ

ವಿಮೆಯಲ್ಲಿ ಇಲ್ಲ ಎಂದ ಮಾತ್ರಕ್ಕೆ ಸರ್ಕಾರದಿಂದ ಏನೂ ಇಲ್ಲ ಎಂದಲ್ಲ. 2010–11ರಲ್ಲಿ ಆರಂಭವಾದ ಹಿರಿಯರ ಆರೋಗ್ಯ ಆರೈಕೆಯ ರಾಷ್ಟ್ರೀಯ ಕಾರ್ಯಕ್ರಮದಲ್ಲಿ, ಹಾಸಿಗೆ ಹಿಡಿದ ಹಿರಿಯರ ಮನೆಗೆ ಆರೋಗ್ಯ ಕಾರ್ಯಕರ್ತರು ಭೇಟಿ ಕೊಡಬೇಕು, ಮನೆಯವರಿಗೆ ಆರೈಕೆ ಕಲಿಸಬೇಕು ಎಂದಿದೆ. ಇದಕ್ಕೆ ಕಾರ್ಡು ಬೇಡ, ದುಡ್ಡೂ ಬೇಡ. ನಿಮ್ಮ ಊರಿನ ಆಶಾ ಕಾರ್ಯಕರ್ತೆ ಮತ್ತು ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿಗೆ ತಿಳಿಸಿ. ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತ. 2024ರಲ್ಲಿ ಕೋಲಾರದಲ್ಲಿ ಶುರುವಾದ ರಾಜ್ಯ ಸರ್ಕಾರದ ಗೃಹ ಆರೋಗ್ಯ ಯೋಜನೆಯ ಉದ್ದೇಶವೂ ಮನೆಮನೆಗೆ ಹೋಗಿ ಈ ಕಾಯಿಲೆಗಳನ್ನು ತಪಾಸಣೆ ಮಾಡುವುದೇ.

ವಾಕರ್, ಗಾಲಿಕುರ್ಚಿ, ಶ್ರವಣ ಸಾಧನಗಳನ್ನು ಬಡ ಹಿರಿಯರಿಗೆ ಉಚಿತವಾಗಿ ಕೊಡುವ ರಾಷ್ಟ್ರೀಯ ವಯೋಶ್ರೀ ಯೋಜನೆ 2017ರಲ್ಲಿ ಆರಂಭವಾಯಿತು. ಶಿಬಿರ ಯಾವಾಗ ಎಂದು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿ. ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಉಚಿತ.

ಈ ಭಾರ ಯಾರ ಮೇಲೆ?

ಉಳಿದ ಆರೈಕೆಯೆಲ್ಲ ಮನೆಯ ಹೆಣ್ಣುಮಕ್ಕಳ ತಲೆ ಮೇಲೆ ಬೀಳುತ್ತದೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಒರೆಸಬೇಕು, ಉಣ್ಣಿಸಬೇಕು. ಕೂಲಿ ಹೋಯಿತು, ನಿದ್ದೆ ಹೋಯಿತು, ಸಂಘದ ಸಭೆಯೂ ತಪ್ಪಿತು. ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಯ 2007ರ ಕಾಯ್ದೆ ಹೊಣೆ ಹೊರಿಸಿರುವುದು ಮಗ, ಮಗಳು, ಮೊಮ್ಮಕ್ಕಳ ಮೇಲೆ. ಸೊಸೆಯ ಹೆಸರು ಅಲ್ಲಿಲ್ಲ. ಆದರೂ ರಾತ್ರಿಯೆಲ್ಲ ಎಚ್ಚರ ಇರುವವಳು ಬಹುಪಾಲು ಸೊಸೆಯೇ. ಈ ಮಾತನ್ನು ಜಗಳಕ್ಕಲ್ಲ, ಕೆಲಸ ಹಂಚಿಕೊಳ್ಳಲು ಮನೆಯಲ್ಲಿ ಆಡಿ. ಅಪ್ಪ ಅಮ್ಮನ ಮಗ್ಗುಲು ಬದಲಿಸಲು ಗಂಡುಮಕ್ಕಳಿಗೂ ಬರುತ್ತದೆ.

ಸಂಘ ಏನು ಮಾಡಬಹುದು?

ಮುಂದಿನ ಸಭೆಯಲ್ಲೇ ನಿಮ್ಮ ಬೀದಿಯಲ್ಲಿ ಹಾಸಿಗೆ ಹಿಡಿದ ಹಿರಿಯರ ಪಟ್ಟಿ ಮಾಡಿ. ಮನೆ ಭೇಟಿ ಬೇಕೆಂದು ಠರಾವು ಬರೆದು, ಎಲ್ಲರೂ ಸಹಿ ಹಾಕಿ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗೆ ಕೊಡಿ. ಒಬ್ಬಳು ಕೇಳಿದರೆ "ನೋಡೋಣಮ್ಮ" ಅನ್ನುತ್ತಾರೆ, ಇಪ್ಪತ್ತು ಸಹಿ ಇದ್ದರೆ ಉತ್ತರ ಕೊಡಲೇಬೇಕಾಗುತ್ತದೆ. ಒಬ್ಬರ ಮನೆಯಲ್ಲಿ ಕೆಲಸ ಮುಗಿದ ವಾಕರ್, ಕಮೋಡ್ ಕುರ್ಚಿಯನ್ನು ಸಂಘದಲ್ಲಿಟ್ಟು ಬೇಕಾದವರಿಗೆ ಕೊಡಿ. ವಾರಕ್ಕೊಮ್ಮೆ ಸರದಿ ಪ್ರಕಾರ ಯಾರಾದರೂ ಎರಡು ಗಂಟೆ ಹೋಗಿ ಕುಳಿತರೆ, ನೋಡಿಕೊಳ್ಳುವ ಸಹೋದರಿ ಹೊರಗೆ ಬಂದು ಉಸಿರಾಡುತ್ತಾಳೆ. ಆರೈಕೆಗಾಗಿ ಸಾಲ ಕೇಳಿದವರಿಗೆ ಹಣ ಕೊಡುವ ಮೊದಲು ಉಚಿತವಾಗಿ ಸಿಗುವುದನ್ನೆಲ್ಲ ಪಡೆದಿದ್ದಾರಾ ಎಂದು ಕೇಳಿ. ಆಮೇಲೆ ಬೇಕಾದಷ್ಟೇ ಸಾಲ ಸಾಕು.