ಸಮಾಜ ಪಾಠ ಬೆಂಚಿನ ಮೇಲೇ ಕೂತಿದೆ

ಬೆಂಗಳೂರಿನ ವೈಟ್‌ಫೀಲ್ಡ್ ಬಳಿಯ ಪಟ್ಟಂದೂರು ಅಗ್ರಹಾರವೆಂದರೆ ಇಂದು ಹಲವರಿಗೆ 2023ರ ಮಾರ್ಚ್‌ನಲ್ಲಿ ತೆರೆದ ಮೆಟ್ರೊ ನಿಲ್ದಾಣ, ಪಕ್ಕದ ಐಟಿಪಿಎಲ್‌ ಗೋಪುರಗಳು. ಹೆಸರು ಮಾತ್ರ ಹಳೆಯದು. ಅಗ್ರಹಾರವೆಂದರೆ ವೇದ ಓದುವ ಬ್ರಾಹ್ಮಣರಿಗೆ ಅರಸರು ಬಿಟ್ಟುಕೊಟ್ಟ ದತ್ತಿ. ಯಾರು ಕಲಿಯಬೇಕು, ಯಾರು ಹೊರಗೆ ನಿಲ್ಲಬೇಕು ಎಂಬುದು ಅಲ್ಲಿ ಹುಟ್ಟಿನಿಂದಲೇ ತೀರ್ಮಾನವಾಗುತ್ತಿತ್ತು.

ಈಗ ವೈಟ್‌ಫೀಲ್ಡ್ ಸುತ್ತಿನ ಸರ್ಕಾರಿ ಶಾಲೆಗಳಿಗೆ ಬರುವವರಲ್ಲಿ ಕಲ್ಯಾಣ ಕರ್ನಾಟಕದಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳಿದ್ದಾರೆ. ತೆಲುಗು, ತಮಿಳು, ಉರ್ದು ಮನೆಮಾತಿನವರೂ ಇದ್ದಾರೆ. ‘ನಮ್ಮವ್ವ ಕೆಲಸಕ್ಕ ಹೋಗ್ಯಾಳ್ರೀ’ ಎಂದು ಒಂದು ಮಗು ಹೇಳಿದರೆ ಉಳಿದವರು ನಗುತ್ತಾರೆ. ಹಿಂದೆ ಮೇಷ್ಟ್ರು ಆ ಮಾತನ್ನು ತಿದ್ದಿ ಮುಂದೆ ಹೋಗುತ್ತಿದ್ದರು. ಸಮಾಜವೆಂದರೆ ಪುಸ್ತಕದೊಳಗಿನ ವಿಷಯ. ಉತ್ತರ ಬಾಯಿಪಾಠವಾದರೆ ಸಾಕಿತ್ತು.

ಆ ತಿಳಿವಳಿಕೆ ಮೆಲ್ಲಗೆ ಬದಲಾಗಿದೆ. ಶಾಲೆಯ ಅರಿವನ್ನು ಹೊರಗಿನ ಬದುಕಿಗೆ ಜೋಡಿಸಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿತು. ಅದಕ್ಕೂ ಹತ್ತು ವರ್ಷ ಮೊದಲೇ, 1995ರಲ್ಲಿ, ಎಚ್.ಡಿ. ಕೋಟೆಯಲ್ಲಿ ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ಶುರುವಾಗಿತ್ತು. ಮಕ್ಕಳು ಗುಂಪಾಗಿ ಸುತ್ತ ಕೂರುವ ಅದರ ಐದು ತಟ್ಟೆಗಳಲ್ಲಿ ಎರಡು ಶಿಕ್ಷಕರ ಸಹಾಯದವು, ಎರಡು ಗೆಳೆಯರ ಸಹಾಯದವು, ಕೊನೆಯದು ಸ್ವಕಲಿಕೆ. ಮೇಷ್ಟ್ರ ಮುಂದೆ ಬಾಯಿ ಬಿಡದ ಮಗು ಗೆಳತಿಯ ಕಿವಿಯಲ್ಲಿ ಕಥೆಯನ್ನೇ ಹೇಳುವುದನ್ನು ಆ ತಟ್ಟೆಗಳ ಸುತ್ತ ಕಾಣಬಹುದು. ದಡ್ಡತನವೆಂದುಕೊಂಡದ್ದು ಸಂಕೋಚವಾಗಿತ್ತು, ಅಷ್ಟೇ.

ಹಾಗಾಗಿ ಯಾರ ಪಕ್ಕ ಯಾರು ಕೂರುತ್ತಾರೆ ಎಂಬುದೇ ಪಾಠ. ‘ನನ್ನ ಮನೆ’ ಬಿಡಿಸಿ ಎಂದಾಗ ತಗಡಿನ ಶೆಡ್ಡಿನ ಮಗು ಹೆಂಚಿನ ಮನೆ ಬರೆದರೆ, ಅದು ಬಿಟ್ಟುಬಂದ ಊರೋ, ಹೇಳಲು ನಾಚುವ ಇಂದಿನ ಮನೆಯೋ ಎಂದು ಶಿಕ್ಷಕಿ ಯೋಚಿಸಬೇಕಾಗುತ್ತದೆ. 2002ರಲ್ಲಿ ಆರಂಭವಾದ ಬಿಸಿಯೂಟ ಯೋಜನೆ ಅಕ್ಷರ ದಾಸೋಹದ ಪಂಕ್ತಿಯನ್ನೂ ಅವರು ಓದಬೇಕು: ಯಾರು ಒಂಟಿಯಾಗಿ ಉಣ್ಣುತ್ತಾರೆ, ಯಾರು ಸರಿದು ಜಾಗ ಕೊಡುತ್ತಾರೆ. ‘ಹೋಗ್ಯಾಳ್ರೀ’ ಎಂದಾಗ ನಕ್ಕ ಮಕ್ಕಳಿಗೆ ‘ನಿಮ್ಮೂರಲ್ಲಿ ಇದನ್ನು ಹೇಗೆ ಹೇಳ್ತೀರಿ?’ ಎಂದು ಕೇಳಿದರೆ ನಗು ಪಾಠವಾಗುತ್ತದೆ.

ಇದಕ್ಕೆ ಸಮಯ ಬೇಕು. ಸಿಲಬಸ್ ಮುಗಿಸುವ ಧಾವಂತದಲ್ಲಿ, ದಾಖಲೆ ತುಂಬಿಸುವ ಕೆಲಸದ ನಡುವೆ ಶಿಕ್ಷಕರಿಗೆ ಆ ಸಮಯ ಕೊಡುವುದು ನಮ್ಮೆಲ್ಲರ ಹೊಣೆ.

ಕಟ್ಟಡ ಮುಗಿದರೆ ಕುಟುಂಬ ಬೇರೆ ಸೈಟಿಗೆ ಹೊರಡುತ್ತದೆ. ಹಾಜರಿ ಕೂಗಿದಾಗ ಉತ್ತರ ಬರುವುದಿಲ್ಲ. ‘ಗೈರು’ ಎಂದು ಬರೆದು ಮುಂದಿನ ಹೆಸರಿಗೆ ಹೋಗುವುದು ಸುಲಭ. ಪೆನ್ನು ಎತ್ತಿ ಹಿಡಿದು, ‘ಅವಳು ಎಲ್ಲಿಗೆ ಹೋದಳು, ಯಾರಿಗಾದರೂ ಗೊತ್ತಾ?’ ಎಂದು ಕೇಳುವ ಶಿಕ್ಷಕಿ ಅಂದಿನ ಸಮಾಜ ಪಾಠವನ್ನು ಮಾಡಿ ಮುಗಿಸಿರುತ್ತಾರೆ.