ಧಾರಾವಾಹಿ ಮುಗಿದ ಮೇಲೆ ಕತೆ ಯಾರದು?

ಪ್ರಶ್ನೆ: ನೆಚ್ಚಿನ ಧಾರಾವಾಹಿ ಮುಗಿದರೂ ಅದರ ಪಾತ್ರಗಳನ್ನಿಟ್ಟುಕೊಂಡು ಮುಂದಿನ ಕತೆ ಬರೆಯುತ್ತಿದ್ದೇನೆ. ತಪ್ಪೇ?
– ಓದುಗರೊಬ್ಬರು, ಮಾನ್ವಿ

ಉತ್ತರ: ಬರೆಯುವುದು ತಪ್ಪಲ್ಲ. ‘ಸ್ಟಾರ್ ಟ್ರೆಕ್’ ಎಂಬ ಟಿ.ವಿ. ಧಾರಾವಾಹಿಯ ಅಮೆರಿಕದ ಅಭಿಮಾನಿಗಳು 1967ರಲ್ಲೇ ‘ಸ್ಪಾಕನೇಲಿಯ’ ಎಂಬ ಪತ್ರಿಕೆ ತಂದು ಇಂಥ ಕತೆಗಳನ್ನು ಅಚ್ಚು ಹಾಕಿದರು. ನಮ್ಮಲ್ಲಿ ಈ ರೂಢಿ ಇನ್ನೂ ಹಳೆಯದು. ಹತ್ತನೆಯ ಶತಮಾನದ ಪಂಪ ತನ್ನ ಭಾರತದಲ್ಲಿ ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಮದುವೆ ಮಾಡಿಸಿದ; ಆ ಅರ್ಜುನನಲ್ಲಿ ತನ್ನ ದೊರೆ ಅರಿಕೇಸರಿಯನ್ನೇ ಕಂಡ. ನಿಮ್ಮ ರಾಯಚೂರು, ದೇವದುರ್ಗ ಸೀಮೆಯ ಬಯಲಾಟಗಳಲ್ಲೂ ಪುರಾಣದ ಪಾತ್ರಗಳು ಊರಿನ ಮಾತಾಡುತ್ತವೆ, ಎಷ್ಟು ಚಂದ! ಆದರೆ ಮಹಾಭಾರತ ಎಲ್ಲರ ಸ್ವತ್ತು, ಧಾರಾವಾಹಿ ಹಾಗಲ್ಲ. 1957ರ ಹಕ್ಕುಸ್ವಾಮ್ಯ ಕಾಯ್ದೆ ಅದಕ್ಕೆ ಕಾವಲಿದೆ. ಅನುಮತಿಯಿಲ್ಲದೆ ಪುಸ್ತಕ ಮಾಡಿ ಮಾರಬೇಡಿ. ಗೆಳೆಯರಿಗೆ ಓದಿ ಹೇಳಿ. ಮೂಲದಲ್ಲಿ ಮೂಲೆಗುಂಪಾದ ಪಾತ್ರವೊಂದನ್ನು ಹಿಡಿದು ಶುರು ಮಾಡಿ, ಕೈ ಬೇಗ ಪಳಗುತ್ತದೆ.